ನೆರೆ ಇಳಿದ ಮೇಲೆ ಬಾವಿ ನೀರು ಶುದ್ಧ ಮಾಡುವುದು ಹೇಗೆ?

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಬಾವಿಗಳಲ್ಲಿ ನೀರು ಕಟ್ಟೆಯ ಹತ್ತಿರಕ್ಕೇ ಏರುತ್ತದೆ. ತೋಟದ ಕೆಂಪು ನೀರು, ಕೊಟ್ಟಿಗೆಯ ಗಂಜಲ, ಶೌಚಾಲಯದ ಗುಂಡಿಯ ಕೊಳೆ ಎಲ್ಲವೂ ಅದೇ ಮಣ್ಣಿಗೆ ಇಳಿಯುತ್ತವೆ. ಇಲ್ಲಿನ ನೆಲದ ಮುರಕಲ್ಲಿನಲ್ಲಿ (ಕೆಂಪು ಜಂಬಿಟ್ಟಿಗೆ ಕಲ್ಲು) ತೂತುಗಳು ಜಾಸ್ತಿ, ಅದು ಕೊಳೆಯನ್ನು ಪೂರ್ತಿ ಸೋಸುವುದಿಲ್ಲ. ನೀರು ತಿಳಿಯಾಗಿ ಕಂಡರೂ ಅದರಲ್ಲಿ ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ತರುವ ರೋಗಾಣುಗಳು ಇರಬಹುದು.

ಇದಕ್ಕೆ ಬ್ಲೀಚಿಂಗ್ ಪೌಡರ್ ಒಳ್ಳೆಯ ಮದ್ದು, ಬೆಲೆಯೂ ಕಡಿಮೆ. ಆದರೆ ಎಷ್ಟೋ ಮನೆಗಳಲ್ಲಿ ಎರಡು ಮುಷ್ಟಿ ಪುಡಿಯನ್ನು ಸುಮ್ನೆ ಬಾವಿಗೆ ಎಸೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪುಡಿಯಲ್ಲಿರುವ ಸುಣ್ಣ ತಳ ಸೇರಿ ನೀರು ಗಡಸಾಗುತ್ತದೆ, ಕ್ಲೋರಿನ್ ಎಲ್ಲ ಕಡೆ ಬೆರೆಯುವುದೂ ಇಲ್ಲ.

ಮೊದಲು ಕಸ ತೆಗೆಯಿರಿ

ತೇಲುವ ಎಲೆ, ಕಡ್ಡಿ, ಸತ್ತ ಪ್ರಾಣಿ ಇದ್ದರೆ ಬಲೆಯಿಂದ ಎತ್ತಿ. ನೀರು ಕದಡಿದ್ದರೆ ಕೆಸರು ಇಳಿಯುವವರೆಗೆ ಕಾಯಿರಿ. ಕೆಸರು ನೀರಿನಲ್ಲಿ ಕ್ಲೋರಿನ್ ಕೊಳೆಗೇ ಖರ್ಚಾಗಿ ಹೋಗುತ್ತದೆ. ನೆರೆ ಬಂದ ಕೂಡಲೇ ಪಂಪು ಹಾಕಿ ಬಾವಿ ಪೂರ್ತಿ ಬರಿದು ಮಾಡಬೇಡಿ. ಸುತ್ತಲಿನ ಮಣ್ಣು ನೆನೆದಿರುವಾಗ ರಿಂಗ್ ಅಥವಾ ಕಲ್ಲಿನ ಗೋಡೆ ಒಳಗೆ ಕುಸಿಯಬಹುದು. ಬಾವಿಯಲ್ಲಿ ಮೀನು ಸಾಕಿದ್ದರೆ ಅವನ್ನು ಬೇರೆ ನೀರಿಗೆ ಬಿಡಿ.

ಯಾರೂ ಬಾವಿಗೆ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇಲ್ಲದೆ ಒಬ್ಬರು ಬಿದ್ದು, ಅವರನ್ನು ಎತ್ತಲು ಇಳಿದವರೂ ಸಾಯುವ ಘಟನೆಗಳು ನಮ್ಮಲ್ಲಿ ನಡೆಯುತ್ತಲೇ ಇವೆ.

ಎಷ್ಟು ನೀರಿದೆ?

ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಬಿಡಿ. ಒದ್ದೆಯಾದಷ್ಟು ಉದ್ದವೇ ನೀರಿನ ಆಳ. ಬಾವಿಯ ಒಳ ಅಗಲವನ್ನು ಟೇಪಿನಿಂದ ಅಳೆಯಿರಿ. ಎರಡೂ ಮೀಟರ್‌ನಲ್ಲಿರಲಿ. ಅಗಲ × ಅಗಲ × ಆಳ × 785 ಎಂದು ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ಸಿಗುತ್ತದೆ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್.

ಮಾಮೂಲಿ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಪುಡಿ ಸಾಕು. ನೆರೆ ನೀರು ಸೇರಿದ್ದರೆ 5 ಗ್ರಾಂ. ಅಂದರೆ ಮೇಲಿನ ಬಾವಿಗೆ 47 ಗ್ರಾಂ. ಈ ಲೆಕ್ಕ ಹೊಸ ಪುಡಿಗೆ ಮಾತ್ರ. ಹೊಸ ಪುಡಿಯಲ್ಲಿ ಶೇ 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ, ತೇವಕ್ಕೆ ಗಟ್ಟಿಯಾದ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ.

ತಿಳಿ ಮಾತ್ರ ಬಾವಿಗೆ

ಕೈಗವಸು ಹಾಕಿ, ಮೂಗು ಮುಚ್ಚಿಕೊಳ್ಳಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಡಿಗೆ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ. ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, 10 ನಿಮಿಷ ಬಿಡಿ. ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಸುಣ್ಣವನ್ನು ಬಾವಿಯಿಂದ ದೂರ ಚೆಲ್ಲಿ. ಒಂದು ಬಕೆಟ್ಟಿಗೆ 100 ಗ್ರಾಂ ದಾಟದಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಇದನ್ನು ಯಾವತ್ತೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

ತಿಳಿ ತುಂಬಿದ ಬಕೆಟ್ಟನ್ನು ಹಗ್ಗದಲ್ಲಿ ಇಳಿಸಿ ನೀರಿನೊಳಗೆ ಮುಳುಗಿಸಿ. ಮೇಲೆ ಕೆಳಗೆ, ಅತ್ತ ಇತ್ತ ಚೆನ್ನಾಗಿ ಆಡಿಸಿ. ಈ ಕೆಲಸಕ್ಕೆ ರಾತ್ರಿಯೇ ಸರಿ, ಆಮೇಲೆ ಯಾರೂ ನೀರು ಸೇದುವುದಿಲ್ಲ ಅಲ್ವಾ? ಕನಿಷ್ಠ ಒಂದು ಗಂಟೆ ನೀರು ಮುಟ್ಟಬಾರದು.

ಪಂಪು, ಪೈಪು, ಮೇಲಿನ ಟ್ಯಾಂಕಿನಲ್ಲೂ ಹಳೆಯ ಕೊಳೆ ಕೂತಿರುತ್ತದೆ. ಟ್ಯಾಂಕ್ ಉಜ್ಜಿ ತೊಳೆದು, ಕ್ಲೋರಿನ್ ಬೆರೆತ ಈ ನೀರನ್ನೇ ತುಂಬಿ. ಪ್ರತಿ ನಲ್ಲಿಯಲ್ಲೂ ವಾಸನೆ ಬರುವವರೆಗೆ ಹರಿಸಿ.

ಸರಿಯಾಯಿತೇ ಎಂದು ನೋಡಿ

ಒಂದು ಗಂಟೆಯ ನಂತರ ನೀರಿನಲ್ಲಿ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಇದನ್ನು ನೋಡುವ ಕಿಟ್ ಪಂಚಾಯಿತಿಯಲ್ಲಿ ಅಥವಾ ಆರೋಗ್ಯ ಕಾರ್ಯಕರ್ತೆಯರ ಹತ್ತಿರ ಇದೆಯೇ ಎಂದು ಕೇಳಿ. ವಾಸನೆಯೇ ಇಲ್ಲದಿದ್ದರೆ ಕ್ಲೋರಿನ್ ಸಾಲಲಿಲ್ಲ ಎಂದು ತಿಳಿದು ಇನ್ನೊಮ್ಮೆ ಹಾಕಿ.

ಕೆಲವು ದಿನ ಬಿಟ್ಟು, ಕ್ಲೋರಿನ್ ಪೂರ್ತಿ ಹೋದ ಮೇಲೆ, ಎಚ್‌2ಎಸ್ ಬಾಟಲಿಯಲ್ಲಿ (ನೀರಿನಲ್ಲಿ ಮಲದ ಕೊಳೆ ಇದೆಯೇ ಎಂದು ತೋರಿಸುವ ಪರೀಕ್ಷಾ ಬಾಟಲಿ) ನೀರು ಪರೀಕ್ಷಿಸಿ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಮಲದ ಕೊಳೆ ಇರಬಹುದು. ಫಲಿತಾಂಶ ಬರುವವರೆಗೆ ಕುಡಿಯುವ ನೀರನ್ನು ಕುದಿಸಲೇಬೇಕು. ಮತ್ತೆ ಮತ್ತೆ ಕಪ್ಪಾಗುತ್ತಿದ್ದರೆ ಪುಡಿ ಹೆಚ್ಚಿಸುವುದರಿಂದ ಏನೂ ಆಗುವುದಿಲ್ಲ. ಕಟ್ಟೆಯ ಬಿರುಕು ನೋಡಿ, ಸುತ್ತ ಸಿಮೆಂಟ್ ಮಾಡಿಸಿ. ಶೌಚಾಲಯದ ಗುಂಡಿ ಬಾವಿಯಿಂದ 15 ಮೀಟರ್‌ಗಿಂತ ಹತ್ತಿರ ಇದ್ದರೆ ಅದನ್ನೇ ಬೇರೆಡೆಗೆ ಸರಿಸಬೇಕು.