ಊರ ಟೂರ್ನಿಯಲ್ಲಿ ರನೌಟ್ ತೀರ್ಪಿಗೆ ಮೊಬೈಲ್ ಕ್ಯಾಮೆರಾ

ಕೋಲಾರದ ಕಡೆ ಟೆನಿಸ್ ಬಾಲ್ ಪಂದ್ಯಗಳಲ್ಲಿ ಜಗಳ ಹತ್ತುವುದು ಹೆಚ್ಚಾಗಿ ರನೌಟ್‌ಗೇ. ಅದನ್ನು ತೀರ್ಮಾನಿಸಲು ಎರಡು ಮೊಬೈಲ್, ಎರಡು ಟ್ರೈಪಾಡ್ ಇದ್ದರೆ ಸಾಕು.

ಎರಡೂ ತುದಿಯಲ್ಲಿ, ಸ್ಟಂಪ್ ಮುಂದೆ ಎಳೆದ ಗೆರೆಯಾದ ಪಾಪಿಂಗ್ ಕ್ರೀಸ್‌ಗೆ ನೇರವಾಗಿ, ಬೌಂಡರಿಯಾಚೆ ಒಂದೊಂದು ಮೊಬೈಲ್ ನಿಲ್ಲಿಸಿ. ಪರದೆಯಲ್ಲಿ ಸುಣ್ಣದ ಗೆರೆ ನೆಟ್ಟಗೆ ಕಾಣಬೇಕು. ಓರೆಯಾದರೆ, ಗಾಳಿಯಲ್ಲಿರುವ ಬ್ಯಾಟೂ ಗೆರೆ ದಾಟಿದಂತೆ ಕಂಡು ತೀರ್ಪು ಕೆಡುತ್ತದೆ. ಕೆಂಪು ಧೂಳು ಲೆನ್ಸ್‌ಗೆ ಕೂರುತ್ತದೆ, ಓವರ್‌ಗೊಮ್ಮೆ ಒರೆಸಿ.

ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್ (ಚಿತ್ರ) ಇರಲಿ. ಸೆಕೆಂಡಿಗೆ 6 ಮೀಟರ್ ಓಡುವವನು ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ 20 ಸೆಂ.ಮೀ. ಸರಿದಿರುತ್ತಾನೆ, 240ರಲ್ಲಿ ಬರೀ ಎರಡೂವರೆ. ಸಂಜೆ ಚಿತ್ರ ಕಪ್ಪಾದರೆ 120ಕ್ಕೆ ಇಳಿಸಿ.

ತೀರ್ಪಿಗೆ ಮೊದಲು, ಸ್ಟಂಪ್ ಮೇಲಿನ ಪುಟ್ಟ ತುಂಡುಗಳಾದ ಬೇಲ್ಸ್ ನೋಡಿ. ಒಂದು ಬೇಲ್‌ನ ಎರಡೂ ತುದಿ ಸ್ಟಂಪ್ ಬಿಟ್ಟೆದ್ದ ಮೊದಲ ಚಿತ್ರದಲ್ಲಿ ನಿಲ್ಲಿಸಿ. ಅಷ್ಟರಲ್ಲಿ ಬ್ಯಾಟು ಇಲ್ಲವೇ ಮೈಯ ಯಾವುದಾದರೂ ಭಾಗ, ಗೆರೆಯ ಸ್ಟಂಪ್ ಕಡೆಯ ಅಂಚು ದಾಟಿ ನೆಲ ಮುಟ್ಟಿರಬೇಕು. ಗೆರೆಯ ಮೇಲಿದ್ದರೆ ಔಟ್. ಓಡಿ ಬಂದವನು ಒಳಗೆ ಊರಿದ ಬ್ಯಾಟ್ ಆ ಓಟದ ಭರಕ್ಕೆ ಎಗರಿದ್ದರೆ, 2017ರ ನಿಯಮದಂತೆ ನಾಟೌಟ್.

ಎಲ್‌ಬಿಡಬ್ಲ್ಯೂಗೆ (ಕಾಲಿಗೆ ಬಡಿದ ಚೆಂಡು ಸ್ಟಂಪ್ ಮುಟ್ಟುತ್ತಿತ್ತೇ ಎಂಬ ತೀರ್ಪಿಗೆ) ಮಾತ್ರ ಒಂದೇ ಮೊಬೈಲಿನ ಎಐ ಆ್ಯಪ್ ನಂಬಬೇಡಿ. ಟಿವಿಯ ಬಾಲ್ ಟ್ರ್ಯಾಕಿಂಗ್ ಹಲವು ಕ್ಯಾಮೆರಾಗಳ ಚಿತ್ರ ಕೂಡಿಸಿ ಚೆಂಡಿನ ದಾರಿ ಲೆಕ್ಕ ಹಾಕುತ್ತದೆ. ಒಂದೇ ಕ್ಯಾಮೆರಾಗೆ ಚೆಂಡಿನ ದೂರ ಅಷ್ಟು ನಿಖರವಾಗಿ ಸಿಗುವುದಿಲ್ಲ.