ಇಂಗ್ಲಿಷ್ ವಾದಪ್ರಬಂಧವನ್ನು ಬರೆಯುವ ಬಗೆ

ವಾದಪ್ರಬಂಧ ಬರೆಯುವ ಮೊದಲು ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ, ಬೇಕಿದ್ದರೆ ಕನ್ನಡದಲ್ಲಿಯೇ, ಬರೆದುಕೊಳ್ಳಿ. ‘ಚಿತ್ರದುರ್ಗದ ಕೋಟೆ ಸುಂದರವಾಗಿದೆ’ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲವಾದ್ದರಿಂದ ಅದು ವಾದಕ್ಕೆ ಒದಗುವುದಿಲ್ಲ. ‘ಕೋಟೆಯೊಳಗೆ ಪ್ಲಾಸ್ಟಿಕ್ ಬಾಟಲಿಗಳನ್ನು ನಿಷೇಧಿಸಬೇಕು’ ಎಂಬುದಕ್ಕೆ ಎದುರುಮಾತಿದೆ, ಆದ್ದರಿಂದ ಅದು ನಿಲುವು.

ಕಾರಣದ ಬೆನ್ನಿಗೇ ಆಧಾರವಿರಲಿ. ಏಳು ಸುತ್ತಿನ ಕೋಟೆಯಲ್ಲಿ ಮಳೆನೀರು ಮೇಲಿನ ಹೊಂಡದಿಂದ ಕೆಳಗಿನ ಹೊಂಡಕ್ಕೆ ಇಳಿಯುವಂತೆ ವ್ಯವಸ್ಥೆಯಿರುವುದರಿಂದ, ಮೇಲೆ ಎಸೆದ ಕಸ ಕೆಳಗಿನವರೆಗೂ ಹರಿದು ಬರಬಹುದು ಎಂದು ತೋರಿಸಿದರೆ ವಾದಕ್ಕೆ ಬಲ ಬರುತ್ತದೆ. ‘ಪರಿಸರ ಹಾಳಾಗುತ್ತದೆ’ ಎಂಬ ಸವಕಲು ಮಾತಿನಿಂದ ಬರುವುದಿಲ್ಲ.

ಹೆಚ್ಚಿನವರು ಎಡವುವುದು ಎದುರುವಾದದಲ್ಲಿ. ಬೇಸಿಗೆಯಲ್ಲಿ ಬಂಡೆ ಹತ್ತುವವರಿಗೆ ನೀರು ಬೇಡವೇ ಎಂಬ ಪ್ರಶ್ನೆಯನ್ನು ಮುಚ್ಚಿಡದೆ ನೀವೇ ಎತ್ತಿ, ಕುಡಿಯುವ ನೀರಿನ ನಲ್ಲಿಗಳನ್ನೋ ಬಾಟಲಿ ಮರಳಿಸಿದರೆ ಹಿಂದಿರುಗುವ ಠೇವಣಿಯನ್ನೋ ಸೂಚಿಸಿ.

ಅಲಂಕಾರ ಒಂದಿದ್ದರೆ ಸಾಕು. ಕನ್ನಡ ತರಗತಿಯಲ್ಲಿ ಕಲಿತ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮಗಳನ್ನು ಇಂಗ್ಲಿಷ್ ಸಿಮಿಲಿಯಲ್ಲಿಯೂ, ಎಂದರೆ ಉಪಮೆಯಲ್ಲಿಯೂ, ಹುಡುಕಬಹುದು. ಅಲ್ಲಿ ‘ಲೈಕ್’, ‘ಆ್ಯಸ್’ ಎಂಬವು ವಾಚಕಪದಗಳು.

ಮಾದರಿ ಪ್ರಬಂಧಗಳನ್ನು ಓದುವಾಗ ‘ಬಟ್’, ‘ಹೌಎವರ್’ ಪದಗಳಿಗೆ ಗೆರೆ ಎಳೆಯಿರಿ. ಲೇಖಕರ ನಿಜವಾದ ಅಭಿಪ್ರಾಯ ಸಾಮಾನ್ಯವಾಗಿ ಅವುಗಳ ನಂತರವೇ ಬರುತ್ತದೆ.