ಲಿನಕ್ಸ್ ಅಪ್‌ಗ್ರೇಡ್‌ಗೆ ಮೊದಲು ಡಿಸ್ಕ್‌ಗಳ ಗುರುತು ಬರೆದಿಡಿ

ಲಿನಕ್ಸ್ ಬೂಟ್ ಆಗುವಾಗ ಮೊದಲು ಸಿಕ್ಕ ಡಿಸ್ಕ್‌ಗೆ ಎಸ್‌ಡಿಎ, ನಂತರದ್ದಕ್ಕೆ ಎಸ್‌ಡಿಬಿ ಎಂದು ಹೆಸರು ಕೊಡುತ್ತದೆ. ಡಿಸ್ಕ್‌ಗಳ ಹುಡುಕಾಟ ಒಟ್ಟೊಟ್ಟಿಗೆ ನಡೆಯಬಹುದು. ಹಾಗಾಗಿ ಈ ಸರದಿ ಪ್ರತಿ ಸಲ ಒಂದೇ ಇರಬೇಕೆಂದೇನಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾದರೆ ಏರುಪೇರು ಇನ್ನೂ ಜಾಸ್ತಿ. ಹಿಂದೆ ಎಚ್‌ಡಿಎ ಆಗಿದ್ದ ಐಡಿಇ (ಹಳೆಯ ಬಗೆಯ ಜೋಡಣೆಯ) ಡಿಸ್ಕ್, ಡ್ರೈವರ್ ಬದಲಾದ ಮೇಲೆ ಎಸ್‌ಡಿಎ ಆಯಿತು. 2011ರಲ್ಲಿ ಬಂದ ಡೆಬಿಯನ್ 6 ಎಂಬ ಲಿನಕ್ಸ್ ಆವೃತ್ತಿಗೆ ಹೋಗುವವರು ಇಂಥ ಹೆಸರಿನ ಬದಲು ಯುಯುಐಡಿ, ಅಂದರೆ ಡಿಸ್ಕ್‌ನ ಪ್ರತಿ ಭಾಗಕ್ಕೂ (ಪಾರ್ಟಿಷನ್) ಇರುವ ಅದರದೇ ಗುರುತು, ಬಳಸಬೇಕಾಗಿ ಬಂದದ್ದು ಇದರಿಂದಲೇ.

ಮೊದಲು ಈಗಿನ ಸ್ಥಿತಿ ಬರೆದುಕೊಳ್ಳಿ. ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ಗೆ ಹೆಸರು, ಗಾತ್ರ, ಮಾಡೆಲ್, ಸೀರಿಯಲ್ ನಂಬರ್, ಯುಯುಐಡಿ, ಮೌಂಟ್ ಆದ (ಫೋಲ್ಡರ್ ಆಗಿ ಜೋಡಿಸಿದ) ಜಾಗ ಇಷ್ಟನ್ನೂ ತೋರಿಸಲು ಹೇಳಿ. ಪ್ರತಿ ಡಿಸ್ಕ್‌ನ ಮುಂದೆ ಅದರ ಕೆಲಸ ಏನೆಂದು ಬರೆಯಿರಿ: ಸಿಸ್ಟಮ್, ಡೇಟಾ, ಬ್ಯಾಕಪ್. ಸೀರಿಯಲ್ ನಂಬರ್ ಬಿಡಲೇಬೇಡಿ. ಡಿಸ್ಕ್ ಮೇಲೆ ಅಚ್ಚಾಗಿರುವುದೂ ಅದೇ, ಪೆಟ್ಟಿಗೆ ಬಿಚ್ಚಿದಾಗ ಕೈಹಿಡಿಯುವುದೂ ಅದೇ. ಈ ಪಟ್ಟಿ ಅದೇ ಯಂತ್ರದಲ್ಲಿ ಮಾತ್ರ ಇದ್ದರೆ ಬೂಟ್ ನಿಂತಾಗ ಓದುವುದು ಹೇಗೆ? ಕಾಗದದ ಮೇಲೂ ಇರಲಿ.

ಮುಂದಿನದು ಹೆಚ್ಚು ತಾಳ್ಮೆ ಬೇಡುವ ಕೆಲಸ. ಹಳೆಯ ಹೆಸರುಗಳು ಎಲ್ಲೆಲ್ಲಿ ಅಡಗಿವೆ ಎಂದು ಪದ ಹುಡುಕುವ ಗ್ರೆಪ್ ಕಮಾಂಡ್ ಬಳಸಿ, ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್ ಪೂರ್ತಿ ಹುಡುಕಿ. ಯಾವುದು ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್ ಎಲ್ಲರಿಗೂ ನೆನಪಾಗುತ್ತದೆ. ಕ್ರಿಪ್ಟ್‌ಟ್ಯಾಬ್ (ಗೂಢಲಿಪಿ ಹಾಕಿದ ಡಿಸ್ಕ್‌ಗಳ ಪಟ್ಟಿ), ಬೂಟ್ ಮಾಡಿಸುವ ಗ್ರಬ್‌ನ ಸೆಟ್ಟಿಂಗ್, ಹೈಬರ್ನೇಟ್‌ಗೆ ಬಳಸುವ ಸ್ವಾಪ್ ಜಾಗ, ಡಿಸ್ಕ್ ಆರೋಗ್ಯ ಗಮನಿಸುವ ಸ್ಮಾರ್ಟ್‌ಡಿ ಮರೆತುಹೋಗುತ್ತವೆ. ಬ್ಯಾಕಪ್ ಸ್ಕ್ರಿಪ್ಟ್‌ಗಳು ಬೇರೆ ಫೋಲ್ಡರ್‌ನಲ್ಲಿದ್ದರೆ ಅಲ್ಲೂ ನೋಡಿ. ನನಗೆ ನಿಜವಾಗಿ ಭಯವಾಗುವುದು ಸ್ಕ್ರಿಪ್ಟ್‌ಗಳದ್ದೇ. ಎಫ್‌ಎಸ್‌ಟ್ಯಾಬ್ ತಪ್ಪಾದರೆ ಬೂಟ್ ನಿಂತೀತು, ಸರಿಪಡಿಸಬಹುದು. ಆದರೆ ಎಸ್‌ಡಿಬಿಗೆ ಬರೆಯುವ ಡಿಡಿ ಕಮಾಂಡ್ ಬೇರೆ ಡಿಸ್ಕ್ ಮೇಲೆ ಓಡಿದರೆ ಅಲ್ಲಿದ್ದ ಡೇಟಾ ಹೋದಂತೆಯೇ.

ಪಾರ್ಟಿಷನ್ ಇರುವ ಕಡೆ ಯುಯುಐಡಿ ಹಾಕಿ. ಇಡೀ ಡಿಸ್ಕ್ ಬೇಕಾದ ಕಡೆ ಡೆವ್ ಫೋಲ್ಡರ್, ಅದರೊಳಗಿನ ಡಿಸ್ಕ್, ಅದರೊಳಗಿನ ಬೈ-ಐಡಿ ದಾರಿಯಲ್ಲಿ ಸಿಗುವ ಹೆಸರು ಬಳಸಿ. ಅದರಲ್ಲಿ ಮಾಡೆಲ್ ಮತ್ತು ಸೀರಿಯಲ್ ಇರುತ್ತದೆ. ಎಲ್‌ವಿಎಂ (ಡಿಸ್ಕ್ ಜಾಗವನ್ನು ಒಟ್ಟುಗೂಡಿಸಿ ಹಂಚುವ ವ್ಯವಸ್ಥೆ) ಹೆಸರುಗಳನ್ನು ಸುಮ್ನೆ ಹಾಗೇ ಬಿಡಿ, ಅವು ಸರದಿ ನಂಬಿಕೊಂಡಿಲ್ಲ. ಒಂದು ಎಚ್ಚರ: ಡಿಸ್ಕನ್ನು ಬಿಟ್ ಬಿಟ್ಟಾಗಿ ಕ್ಲೋನ್ ಮಾಡಿದ್ದರೆ ಎರಡಕ್ಕೂ ಒಂದೇ ಯುಯುಐಡಿ ಇರುತ್ತದೆ. ಎರಡನ್ನೂ ಒಟ್ಟಿಗೆ ಜೋಡಿಸಬೇಡಿ.

ಫೈಂಡ್‌ಮೌಂಟ್ ಕಮಾಂಡ್‌ನ ವೆರಿಫೈ ಆಯ್ಕೆಯಿಂದ ಎಫ್‌ಎಸ್‌ಟ್ಯಾಬ್ ಪರೀಕ್ಷಿಸಿ. ಗ್ರಬ್ ಸೆಟ್ಟಿಂಗ್ ಮತ್ತು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಫೈಲ್‌ಗಳ ಕಟ್ಟು) ಹೊಸದಾಗಿ ಮಾಡಿ. ಆಮೇಲೆ ಹಳೆಯ ಕರ್ನಲ್‌ನಲ್ಲೇ ಒಮ್ಮೆ ರೀಬೂಟ್ ಮಾಡಿ. ಈಗ ತೊಂದರೆ ಬಂದರೆ ಅದು ನಿಮ್ಮ ತಿದ್ದುಪಡಿಯದ್ದೇ ಎಂದು ಗೊತ್ತಾಗುತ್ತದೆ, ಅಲ್ವಾ?

ಅಪ್‌ಗ್ರೇಡ್ ಮುಗಿದ ಮೇಲೆ ಅದೇ ಎಲ್‌ಎಸ್‌ಬಿಎಲ್‌ಕೆ ಮತ್ತೆ ಓಡಿಸಿ, ಪಟ್ಟಿಯ ಪಕ್ಕ ಇಟ್ಟು ನೋಡಿ. ಎಸ್‌ಡಿಎ, ಎಸ್‌ಡಿಬಿಯ ಕೊನೆಯ ಅಕ್ಷರ ಬದಲಾಗಿದ್ದರೆ ಪರವಾಗಿಲ್ಲ. ಸೀರಿಯಲ್ ನಂಬರ್ ಮತ್ತು ಮೌಂಟ್ ಜಾಗ ಮಾತ್ರ ತಾಳೆಯಾಗಬೇಕು. ತಾಳೆಯಾದರೆ ಪಟ್ಟಿಯ ಮೇಲೆ ಇಂದಿನ ತಾರೀಖು ಮತ್ತು ಹೊಸ ಕರ್ನಲ್ ಆವೃತ್ತಿ ಬರೆಯಿರಿ.